ತೊಳೆಯದ ಬುಟ್ಟಿ

ಗಾಜಮ್ಮ ಶೀತಕೋಣೆಯ ಬಾಗಿಲು ತೆಗೆದಳೋ ಇಲ್ಲವೋ, ಕೆಳಗಿನ ಹಲಗೆಯ ಮೂಲೆಯಲ್ಲಿದ್ದ ಬುಟ್ಟಿ ಕಣ್ಣಿಗೆ ಬಿತ್ತು. ಹತ್ತೊಂಬತ್ತನೆಯದು. ಅದನ್ನು ತೊಳೆದು ಮುಗಿಸಿದ್ದೇನೆಂದು ಎರಡು ತಿಂಗಳ ಹಿಂದೆಯೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದವಳು ಅವಳೇ. ಆವತ್ತು ಸೊಂಟ ಹಿಡಿದುಕೊಂಡಿತ್ತು. ನಾಳೆ ತೊಳೆದರಾಯಿತು ಎಂದು ಒಳಗೆ ತಳ್ಳಿದವಳು ಮರೆತೇಬಿಟ್ಟಿದ್ದಳು.

ಪ್ರಯೋಗಾಲಯದ ಗಾಜಿನ ಸಾಮಾನೆಲ್ಲ ಅವಳ ಕೈಯಲ್ಲೇ ತೊಳೆದು ಬರಬೇಕಾದ್ದರಿಂದ ಅವಳಿಗೆ ಆ ಹೆಸರು. ಇಪ್ಪತ್ತಾರು ವರ್ಷದಲ್ಲಿ ಅವಳ ಸಹಿಯನ್ನು ಯಾರೂ ಅನುಮಾನಿಸಿರಲಿಲ್ಲ. ಆ ಜಂಬ ಅವಳಿಗೆ ಕೊಂಚ ಹೆಚ್ಚೇ ಇತ್ತೆನ್ನಿ.

ಬುಟ್ಟಿಯಲ್ಲಿದ್ದವು ಸಂಶೋಧಕಿ ಹುಡುಗಿಯ ತಟ್ಟೆಗಳು. ಆಸ್ಪತ್ರೆಯ ಗಾಯಗಳಲ್ಲಿ ಕೂತು ಯಾವ ಔಷಧಿಗೂ ಜಗ್ಗದ ಬೂಷ್ಟೊಂದಿದೆ. ಅದನ್ನು ತಡೆಯುವಂಥದ್ದೇನಾದರೂ ಹಿಮಪ್ರದೇಶದ ಕೆಸರಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕೀತೇ ಎಂದು ಆಕೆ ಮೂರು ವರ್ಷದಿಂದ ಹುಡುಕುತ್ತಿದ್ದಳು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಸುತ್ತ ಆ ಬೂಷ್ಟಿನದೇ ಜಾತಿಯ, ರೋಗ ತರದ ಸಾಧು ದಾಯಾದಿಯೊಂದನ್ನು ಬಿತ್ತಿ, ಮೂರು ವಾರ ಚಳಿಯಲ್ಲಿಟ್ಟು ನೋಡುವುದು. ಬೂಷ್ಟು ಎಲ್ಲೂ ತಡೆದು ನಿಂತದ್ದು ಕಾಣದಿದ್ದರೆ ತೊಳೆಯಲು ಕಳಿಸುವುದು. ಇದುವರೆಗೂ ಏನೂ ಕಂಡಿರಲಿಲ್ಲ. ಸೋಮವಾರದೊಳಗೆ ಆಕೆ ಕೆಲಸ ನಿಲ್ಲಿಸಿ ತನ್ನ ಕೋಣೆ ಖಾಲಿ ಮಾಡಬೇಕೆಂದು ನಿರ್ದೇಶಕರು ಹೇಳಿಯಾಗಿತ್ತು.

ಗಾಜಮ್ಮನ ಗಂಡನ ಎಡಪಾದವನ್ನು ತಿಂದದ್ದೂ ಅಂಥದ್ದೇ ಬೂಷ್ಟು. ಅದಕ್ಕೇ ಈ ಹುಡುಗಿಯ ತಟ್ಟೆಗಳನ್ನು ಮಾತ್ರ ಅವಳು ಎರಡೆರಡು ಸಲ ತೊಳೆಯುತ್ತಿದ್ದಳು.

ಗುಟ್ಟಾಗಿ ಕೆಲಸ ಮುಗಿಸಿಬಿಡೋಣವೆಂದು ಬುಟ್ಟಿಯನ್ನು ತೊಟ್ಟಿಯ ಹತ್ತಿರ ತಂದಳು. ಕಿಟಕಿಯ ಬೆಳಕಿಗೆ ಒಂದೊಂದೇ ತಟ್ಟೆ ಎತ್ತಿದರೆ, ಎಲ್ಲದರಲ್ಲೂ ತುಂಬ ಬೂದು ಬಣ್ಣದ ಬೂಷ್ಟು. ಒಂದರಲ್ಲಿ ಮಾತ್ರ ಬ್ಯಾಕ್ಟೀರಿಯಾದ ಹಳದಿ ಚುಕ್ಕೆಯೊಂದರ ಸುತ್ತ, ಬೆರಳಗಲ ದೂರದಲ್ಲೇ ಬೂಷ್ಟು ನಿಂತುಬಿಟ್ಟಿತ್ತು. ನಡುವಿನ ಜಾಗ ಸ್ವಚ್ಛ.

ಅವಳಿಗೆ ಅರ್ಥವಾಗದ್ದೇನಲ್ಲ. ಹುಡುಗಿ ಎಷ್ಟು ಸಲ ಚಿತ್ರ ಬರೆದು ತೋರಿಸಿರಲಿಲ್ಲ! ಇದನ್ನೂ ಕುದಿಯಲು ಹಾಕಿಬಿಟ್ಟರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ, ಮಾನ ಉಳಿಯುತ್ತಿತ್ತು. ಕೈ ಮುಂದಕ್ಕೆ ಹೋಗಲಿಲ್ಲ. ಬೆಳಿಗ್ಗೆ ಗಂಡ ಮಂಚದ ಅಂಚಿನಲ್ಲಿ ಕೂತು ಒಂದೇ ಚಪ್ಪಲಿ ಹಾಕಿಕೊಂಡದ್ದು ನೆನಪಾಯಿತು.

ಹುಡುಗಿ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು.

"ತಾಯೀ, ನಾನು ಸುಳ್ಳು ಸಹಿ ಹಾಕಿದ್ದೆ. ಇದನ್ನ ತೊಳೆದೇ ಇಲ್ಲ," ಎಂದು ಗಾಜಮ್ಮ ತಟ್ಟೆ ಮುಂದೆ ಹಿಡಿದಳು.

ಹುಡುಗಿ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಎಷ್ಟು ದಿನವಾಯಿತೆಂದು ಕೇಳಿದಳು. ಎರಡು ತಿಂಗಳ ಮೇಲಾಯಿತು ಎಂದಳು ಗಾಜಮ್ಮ.

"ಚಳಿಯಲ್ಲಿ ಎಲ್ಲಾನೂ ನಿಧಾನ ಅಂತ ಗೊತ್ತಿದ್ದೂ ನಾನು ಮೂರೇ ವಾರಕ್ಕೆ ತೊಳೆಸಿಬಿಡ್ತಿದ್ದೆ, ಗಾಜಮ್ಮ." ಆಕೆಯ ಕಣ್ಣು ತುಂಬಿ ಬಂದಿತ್ತು.

"ಇದು ಔಷಧಿ ಆಗುತ್ತಾ?"

ಗೊತ್ತಿಲ್ಲ, ಆಗುವುದಾದರೂ ಹತ್ತು ವರ್ಷ ಹಿಡಿದೀತು, ಮೊದಲು ಇನ್ನೊಮ್ಮೆ ಬೆಳೆಸಿ ನೋಡಬೇಕು ಎನ್ನುತ್ತಲೇ ಹುಡುಗಿ ತಟ್ಟೆ ಹಿಡಿದು ನಿರ್ದೇಶಕರ ಕೋಣೆಗೆ ಓಡಿದಳು. ಅರ್ಧ ಗಂಟೆಯ ಮೇಲೆ ಬಂದವಳು, ಇನ್ನೂ ಆರು ತಿಂಗಳು ಸಿಕ್ಕಿತು ಎಂದಷ್ಟೇ ಹೇಳಿ, ಡಬ್ಬದಿಂದ ಪುಸ್ತಕಗಳನ್ನು ವಾಪಸು ತೆಗೆದಿಡತೊಡಗಿದಳು.

ಗಾಜಮ್ಮ ಕೈ ಒರೆಸಿಕೊಂಡು ರಿಜಿಸ್ಟರ್ ತೆಗೆದಳು. ಹತ್ತೊಂಬತ್ತರ ಎದುರಿಗಿದ್ದ 'ತೊಳೆದಿದೆ' ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ತೊಳೆಯಬಾರದು' ಎಂದು ಬರೆದು ಸಹಿ ಹಾಕಿದಳು.