ಕೆಳಗಿನ ಕೋಣೆ

"ನೀರಿಂದು ಹೆಂಗ್ರೀ ಅಕ್ಕಾ ಇಲ್ಲಿ?"

ಕೋಣೆ ನೋಡಲು ಬಂದಿದ್ದ ಕಾವೇರಿ ಕೇಳಿದ್ದು ನಲ್ಲಿಯ ನೀರಿನ ಬಗ್ಗೆ. ಆದರೂ ಪೀರಮ್ಮ ಹಿಂದಿನ ಗೋಡೆಯತ್ತ ನೋಡಿದಳು. ಬಾಗಿಲಲ್ಲಿ ಮನೆ ಮಾಲೀಕ ರಾಮಾಂಜಿನಪ್ಪ ನಿಂತಿದ್ದ.

"ದಿನ ಬಿಟ್ಟು ದಿನ ಬರ್ತದ," ಎಂದಳು.

ದೊಡ್ಡನೆಕ್ಕುಂದಿಯ ಆ ಕಟ್ಟಡದ ಕೆಳಗಿನ ಕೋಣೆಯಲ್ಲಿ ಪೀರಮ್ಮ ಮೂರು ವರ್ಷದಿಂದ ಇದ್ದಳು. ಹಿಂದಿನ ಗೋಡೆಗೆ ಅಂಟಿಕೊಂಡೇ ದೊಡ್ಡ ಮೋರಿ. ಪ್ರತಿ ಮಳೆಗಾಲವೂ ಅದು ಉಕ್ಕಿ ಕೋಣೆಯೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಆ ತೇವಕ್ಕೆ ಗಂಡ ಶರಣಬಸವನ ಉಬ್ಬಸ ಹೆಚ್ಚಾಗಿ, ಫ್ಯಾಕ್ಟರಿಯ ಕೆಲಸ ಎರಡು ಸಲ ಕೈತಪ್ಪಿತ್ತು. ಈಗ ಮಹಡಿಯ ಕೋಣೆ ಖಾಲಿಯಾಗಿತ್ತು.

"ಮೇಲಿಂದು ನಿಮಗೇ ಕೊಡ್ತೀನಿ. ಆದ್ರೆ ಕೆಳಗಡೆ ಖಾಲಿ ಬಿಡಕ್ಕಾಗಲ್ಲ. ನೋಡಕ್ಕೆ ಬಂದೋರ ಹತ್ರ ಬೇಡದ್ದೆಲ್ಲ ಹೇಳ್ಬೇಡಮ್ಮ," ಎಂದಿದ್ದ ರಾಮಾಂಜಿನಪ್ಪ.

ಕಾವೇರಿಯ ಗಂಡ ಲಕ್ಷ್ಮಿಕಾಂತ ಗಾರೆ ಕೆಲಸದವನು. ಸುರಪುರದ ಕಡೆಯಿಂದ ಬಂದು ವಾರವಾಗಿತ್ತು. ಎಂಟು ತಿಂಗಳ ಕೂಸಿನೊಂದಿಗೆ ಕಟ್ಟಡದ ಕೆಲಸದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದರು. ಅವನು ಬಗ್ಗಿ ಗೋಡೆಯ ಬುಡಕ್ಕೆ ಅಂಗೈ ಊರಿದ.

"ಸುಣ್ಣ ಕೆಳಗಷ್ಟೇ ಹೊಡದೀರಲ್ರೀ?"

"ಪಕ್ಕದ್ಮನೆ ಮಕ್ಳು ಗೀಚಿದ್ರು ಗುರು. ಅದಕ್ಕೇ ಅಷ್ಟಕ್ಕೆ ಹೊಡ್ಸಿದ್ದು," ಎಂದ ರಾಮಾಂಜಿನಪ್ಪ.

ಲಕ್ಷ್ಮಿಕಾಂತ ಕೈ ತೆಗೆಯಲಿಲ್ಲ. ಕಾವೇರಿ ಪೀರಮ್ಮನ ಕಡೆ ತಿರುಗಿದಳು. "ಅಕ್ಕಾ, ನೀವು ನಮ್ಮ ಕಡಿಯವರು. ನೀವು ಹೇಳಿದ್ರ ಮುಗೀತು. ಕೂಸಿಗೆ ಚಲೋ ಅದ ಏನ್ರೀ?"

ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಶರಣಬಸವ ಕೆಮ್ಮತೊಡಗಿದ.

"ಚಲೋ ಅದವ್ವಾ," ಎಂದಳು ಪೀರಮ್ಮ. "ನಾವು ಮೂರು ವರ್ಷ ಇದ್ದೀವಲ್ಲ."

ಅದು ಏಪ್ರಿಲ್. ತಿಂಗಳ ಕೊನೆಗೆ ಪೀರಮ್ಮ ಮಹಡಿಗೆ ಹೋದಳು, ಕಾವೇರಿ ಕೆಳಗಿನ ಕೋಣೆಗೆ ಬಂದಳು. ಮೇ ತಿಂಗಳಿಡೀ ಕಾವೇರಿ ಒಂದಲ್ಲ ಒಂದು ನೆಪ ಮಾಡಿ ಮಹಡಿಗೆ ಬರುತ್ತಿದ್ದಳು. ರೊಟ್ಟಿ ತರುತ್ತಿದ್ದಳು, ಊರಿನ ಸುದ್ದಿ ಹೇಳುತ್ತಿದ್ದಳು. ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಲೇ ಪೀರಮ್ಮ ರೊಟ್ಟಿ ತಿಂದಳು. ಶರಣಬಸವನ ಉಸಿರು ಹಗುರಾಗಿತ್ತು.

ಜೂನಿನ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಪೀರಮ್ಮ ಮಹಡಿಯ ಕಟಕಟೆ ಹಿಡಿದು ಮೋರಿಯನ್ನೇ ನೋಡುತ್ತ ನಿಂತಳು. ನಾಲ್ಕರ ಹೊತ್ತಿಗೆ ಕೆಳಗೆ ಪಾತ್ರೆಗಳು ತೇಲಿ ಒಂದಕ್ಕೊಂದು ಬಡಿಯುವ ಸದ್ದು ಕೇಳಿತು. ಅವಳು ಓಡಿ ಇಳಿದಳು. ಕಾವೇರಿ ಕೂಸನ್ನು ಎತ್ತಿಕೊಂಡು ಟ್ರಂಕಿನ ಮೇಲೆ ನಿಂತಿದ್ದಳು. ಪೀರಮ್ಮ ಕೂಸನ್ನು ಕಸಿದುಕೊಂಡವಳಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ಬಂದು ಕೂಸಿನ ಒದ್ದೆ ಅಂಗಿ ಬಿಚ್ಚಿ, ತನ್ನ ಸೀರೆಯಲ್ಲಿ ಸುತ್ತಿದಳು. ಕಾವೇರಿ ಬಾಗಿಲಾಚೆಯೇ ನಿಂತಿದ್ದಳು.

"ಒಳಗ ಬಾ," ಎಂದಳು ಪೀರಮ್ಮ.

"ಮೂರು ವರ್ಷ ಇದ್ರಲ್ಲ ಅಕ್ಕಾ ಅಲ್ಲಿ."

"ಹೂಂ."

ಒಳಗೆ ಕಾಲಿಡುವ ಮುನ್ನ ಕಾವೇರಿ, ಮೋರಿಯ ನೀರು ಪೀರಮ್ಮನ ನೆಲಕ್ಕೆ ತಾಗದಂತೆ, ಬಗ್ಗಿ ಸೀರೆಯ ಅಂಚನ್ನು ಮೆಟ್ಟಿಲ ಕಡೆಗೆ ಹಿಂಡತೊಡಗಿದಳು.