ಕೊನೆಯ ಹಾಳೆಯ ಐದು ರೂಪಾಯಿ

ನನಗೆ ತಿಳಿಯದ ವಿಷಯವೇ ಇಲ್ಲ ಎಂದು ಮನೆಯಲ್ಲಿ ಹಂಗಿಸುತ್ತಾರೆ. ಹಂಗಿಸಲಿ. ನಂಜನಗೂಡಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಗೆದ್ದಲು ಹತ್ತದ ಹಾಗೆ ಕಾಗದ ಕಾಪಾಡಿದವನು ನಾನು. ಹಳೆಯ ನಾಣ್ಯ ಕೂಡಿಡುವುದು ನನ್ನ ಹುಚ್ಚು. ಆ ಮಾತು ಯಾರಾದರೂ ಎತ್ತಿದರೆ ಅರ್ಧ ಗಂಟೆ ಅವರಿಗೆ ಬಿಡುಗಡೆಯಿಲ್ಲ.

ಹನ್ನೊಂದು ವರ್ಷದ ಹಿಂದೆ, ದೀಪಾವಳಿಗೆ ಒಂದು ದಿನ ಮುಂಚೆ, ಟಿ. ನರಸೀಪುರದ ಅಕ್ಕನ ಮನೆಗೆ ಹೋಗಿದ್ದೆ. ರುದ್ರಮ್ಮಕ್ಕ ಹಿತ್ತಲಲ್ಲಿ ಕೂತು ಪೂಜೆ ಸಾಮಾನಿನ ಜೊತೆ ಐದು ಬೆಳ್ಳಿ ರೂಪಾಯಿಗಳನ್ನೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಜಾರ್ಜ್ ದೊರೆಯ ಮುಖವಿದ್ದ ರೂಪಾಯಿಗಳು. ಅಕ್ಕನ ಮದುವೆಯಲ್ಲಿ ಅವ್ವ ಮಡಿಲು ತುಂಬುವಾಗ ಅಕ್ಕಿಯ ಜೊತೆ ಹಾಕಿದ್ದು. ವರ್ಷಕ್ಕೊಮ್ಮೆ ತೊಳೆದು, ವಿಭೂತಿಯಲ್ಲಿ ಒರೆಸಿ, ಲಕ್ಷ್ಮಿಯ ಮುಂದಿಟ್ಟು, ಮತ್ತೆ ಅರಿಸಿನದ ಬಟ್ಟೆಯಲ್ಲಿ ಗಂಟು ಕಟ್ಟಿಡುವುದು ಅವಳ ಪದ್ಧತಿ.

ನನಗೆ ಮೈಯೆಲ್ಲ ಉರಿದುಹೋಯಿತು. “ದೊರೆ ಮೂಗೇ ಸವೆದೋಗದೆ, ನೋಡಕ್ಕ! ನಿನ್ ಕೈಲಿದ್ರೆ ಇವು ಉಳಿಯಲ್ಲ. ಕೊಡಿಲ್ಲಿ,” ಎಂದು ಅವಳ ಸೊಸೆಯ ಎದುರಿಗೇ ರೇಗಿದೆ.

“ಅವ್ವನೂವೆ ಇಂಗೇ ತೊಳೀತಿದ್ಳು ಕಣ್ಲಾ,” ಎಂದಳು ಅಕ್ಕ. ಆದರೂ ಓದಿದ ತಮ್ಮನ ಮಾತಲ್ಲವೇ, ಕೈ ಒರೆಸಿಕೊಂಡು ಕೊಟ್ಟಳು. “ವಸಿ ಜ್ವಾಪಾನ. ನಯನನ ಮದ್ವೇಲಿ ಅವಳ ಮಡಿಲಿಗೆ ಆಕ್ಬೇಕು.” ಅಕ್ಕನಿಗೆ ಹೆಣ್ಣುಮಕ್ಕಳಿಲ್ಲ. ನಯನ ಅವಳ ಒಬ್ಬನೇ ಮಗನ ಮಗಳು.

ಆ ಐದನ್ನೂ ತಂದು ನನ್ನ ಆಲ್ಬಮ್ಮಿಗೆ ಸೇರಿಸಿದೆ. ಮೆತ್ತನೆಯ ಪ್ಲಾಸ್ಟಿಕ್ಕಿನ ಜೇಬುಗಳಿದ್ದ ಆಲ್ಬಮ್. ಅಪರೂಪದ ನಾಣ್ಯಗಳೆಲ್ಲ ಮುಂದೆ, ಅವ್ವನವು ಕೊನೆಯ ಹಾಳೆಯಲ್ಲಿ. ಅಂಥ ರೂಪಾಯಿ ಎಲ್ಲರ ಮನೆಯಲ್ಲೂ ಸಿಗುತ್ತವೆ, ತೋರಿಸಿಕೊಳ್ಳುವಂಥದ್ದಲ್ಲ.

ಮೂರು ವರ್ಷದ ಹಿಂದೆ ಸುತ್ತೂರಿನ ಬೆಟ್ಟಸ್ವಾಮಿ ಮೇಷ್ಟ್ರು, ಅವರೂ ನನ್ನ ಹಾಗೆ ನಾಣ್ಯದ ಹುಚ್ಚಿನವರು, ಆಲ್ಬಮ್ ಮೂಸಿ ನೋಡಿ ಮುಖ ಸಿಂಡರಿಸಿದರು. “ಈ ಪ್ಲಾಸ್ಟಿಕ್ಕು ಕಾಲ ಕಳೆದಂತೆ ಆಸಿಡ್ ಬಿಡ್ತದೆ ಸಾ. ನಾಣ್ಯ ತಿಂದಾಕ್ಬುಡ್ತದೆ, ಮೊದ್ಲು ತೆಗೀರಿ.” ಅಂದೇ ಒಳ್ಳೆಯ ಕವರು ತರಿಸಿ, ಬೆಲೆಬಾಳುವುದನ್ನೆಲ್ಲ ಬದಲಾಯಿಸಿದೆ. ಕೊನೆಯ ಹಾಳೆಗೆ ಬರುವ ಹೊತ್ತಿಗೆ ಕವರು ಮುಗಿದಿತ್ತು. ನಾಳೆ ನೋಡೋಣ ಎಂದು ಬೀರುವಿನಲ್ಲಿಟ್ಟೆ. ಆ ನಾಳೆ ಬರಲೇ ಇಲ್ಲ. ತಿಳಿಯದೆ ಮಾಡಿದ ತಪ್ಪು ಎನ್ನುವ ಸಮಾಧಾನವೂ ನನಗಿಲ್ಲ.

ಈ ವರ್ಷ ನಯನಳ ಮದುವೆ ಗೊತ್ತಾಯಿತು. “ಅವ್ವನ ರೂಪಾಯಿ ಮರೀಬ್ಯಾಡ ಕಣಪ್ಪ,” ಎಂದು ಅಕ್ಕ ಫೋನು ಮಾಡಿದಳು. ಬೀರು ತೆಗೆದೆ. ಹಾಳೆಯೆಲ್ಲ ಅಂಟಂಟು, ಹುಳಿ ಹುಳಿ ವಾಸನೆ. ರೂಪಾಯಿಗಳ ಮೇಲೆ ಹಸಿರು ಲೋಳೆ.

ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಹೇಳಿದಂತೆಯೇ ಮಾಡಿದೆ. ಅಂಟು ಕರಗಿಸುವ ಅಪ್ಪಟ ಅಸಿಟೋನ್ ದ್ರವ ತಂದು, ಅಡಿಗೆಮನೆಯಲ್ಲಿ ಒಲೆ ಹಚ್ಚಬೇಡ ಎಂದು ಹೆಂಡತಿಗೆ ಹೇಳಿ, ಕಿಟಕಿಗಳನ್ನು ತೆರೆದಿಟ್ಟು, ಗಾಜಿನ ಬಟ್ಟಲಲ್ಲಿ ಒಂದೊಂದನ್ನೇ ನೆನೆಹಾಕಿದೆ. ಉಜ್ಜಲಿಲ್ಲ, ಒರೆಸಲಿಲ್ಲ. ಅಂಚು ಹಿಡಿದು ಎತ್ತಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಹತ್ತಿ ಬಟ್ಟೆಯ ಮೇಲೆ ಆರಲು ಬಿಟ್ಟೆ. ಲೋಳೆಯೆಲ್ಲ ಕರಗಿ ಹೋಯಿತು. ಮೂರು ನಾಣ್ಯ ಚೆನ್ನಾಗೇ ಬಂದವು. ಇನ್ನೆರಡರ ಮೈತುಂಬ ಸಣ್ಣ ಗುಳಿ. ಅದರಲ್ಲಿ ಒಂದಕ್ಕೆ ದೊರೆಯ ಮುಖವೇ ಇರಲಿಲ್ಲ.

“ಅಂಟಿದ್ದು ಬಿಡ್ತದೆ ಸಾ, ತಿಂದಿದ್ದು ವಾಪಸ್ ಬರಾಕಿಲ್ಲ,” ಎಂದರು ಮೇಷ್ಟ್ರು.

ನರಸೀಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಬಾಯಿಪಾಠ ಮಾಡಿದೆ: ತಪ್ಪು ನನ್ನದು ಅಕ್ಕ. ಮನೆಗೆ ಹೋದರೆ ನಡುಮನೆ ತುಂಬ ಬೀಗರು. ಅಕ್ಕ ಅವರೆದುರಿಗೇ ಸಂಭ್ರಮದಿಂದ ನಾನು ತಂದ ಪೊಟ್ಟಣ ಬಿಚ್ಚಿದಳು. “ಇದ್ಯಾಕ್ಲಾ ಇಂಗಾಗದೆ?” ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ, “ನಿನ್ ಹುಣಸೆಹುಳಿ ಒಳಗೇ ನಿಂತುಬಿಟ್ಟಿತ್ತು ಕಣಕ್ಕ. ನಿಧಾನಕ್ಕೆ ತಿಂದದೆ. ಅವತ್ತೇ ಹೇಳ್ಲಿಲ್ವಾ?”

ಎಷ್ಟು ಸಲೀಸಾಗಿ ಬಂತು ಆ ಮಾತು! ಅಕ್ಕ, “ಅಯ್ಯೋ, ನನ್ ಕೈ ಸೇದೋಗ,” ಎಂದು ರೂಪಾಯಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಚೆನ್ನಾಗಿರುವ ಮೂರನ್ನಾದರೂ ಹಾಕು ಎಂದೆ. “ಐದೂ ಒಟ್ಗಿರ್ಬೇಕು ಕಣಪ್ಪ. ಮುಕ್ಕಾದದ್ದು ಮಗೀಗೆ ಬ್ಯಾಡ,” ಎಂದಳು.

ಮದುವೆಯ ದಿನ ನಯನಳ ಮಡಿಲಿಗೆ ಅಂಗಡಿಯಿಂದ ತಂದ ಹೊಸ ಬೆಳ್ಳಿ ನಾಣ್ಯ ಬಿತ್ತು. ನಿಮ್ಮ ಅವ್ವ ಕೊಟ್ಟದ್ದೇನೋ ಹಾಕ್ತೀನಿ ಅಂದಿದ್ರಲ್ಲ ಎಂದು ಅವತ್ತು ಬಂದಿರದ ಬೀಗಿತಿಯೊಬ್ಬರು ಕೇಳಿದರು. “ನಾನೇ ಉಜ್ಜಿ ಉಜ್ಜಿ ಆಳ್ಮಾಡ್ದೆ ಕಣವ್ವ. ನಮ್ ತಮ್ಮ ಆಗ್ಲೇ ಬಡ್ಕೊಂಡ, ನಾನ್ ಕೇಳ್ಲಿಲ್ಲ,” ಎಂದಳು ಅಕ್ಕ. ನಾನು ಎಲೆಅಡಿಕೆ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಲ್ಲಾದರೂ ಹೇಳಬಹುದಿತ್ತು. ನಾಚಿಕೆಗೆಟ್ಟವನು, ತಟ್ಟೆಯನ್ನು ಮುಂದಿನವರಿಗೆ ಚಾಚಿದೆ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು, ಐದೂ ರೂಪಾಯಿಯ ಗಂಟನ್ನು ನನ್ನ ಕಡೆ ನೀಡಿದಳು.

“ನೀನೇ ಮಡಿಕ್ಕೊ ಕಣಪ್ಪ. ನನ್ ಕೈ ಸರೀಗಿಲ್ಲ. ಅವ್ವ ಇವ್ನ ನಿಂಗೇ ಕೊಡ್ಬೇಕಿತ್ತು.”

ನಾನು ಕೈ ಚಾಚಿ ಇಸಿದುಕೊಂಡೆ.