ಹಾಲಿನ ಹೊತ್ತಿನ ಗುರುವಂದನೆ

ಹುಣಸೆಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ಅವಳು ಒಂದು ದಿನ ಹೇಳಬೇಕಾದ ಮಾತೊಂದನ್ನು ಹೇಳದೆ ನುಂಗಿಬಿಟ್ಟಳಂತೆ. ಮಾತು ಹೊಟ್ಟೆಯೊಳಗೆ ಮೊಳೆಯಿತು, ಬೇರು ಬಿಟ್ಟಿತು. ಅನ್ನ ಇಳಿಯದಾಯಿತು, ನಿದ್ದೆ ಹತ್ತದಾಯಿತು. ವೈದ್ಯರು ಬಂದರು, ಮಂತ್ರವಾದಿಗಳು ಬಂದು ಬೂದಿ ಊದಿದರು, ಏನೂ ಆಗಲಿಲ್ಲ. ಕೊನೆಗೆ ಕುರಿ ಕಾಯುವ ಮುದುಕಿಯೊಬ್ಬಳು ಬಂದು, ‘ತಾಯೀ, ಎಲ್ಲಿ ನುಂಗಿದೆಯೋ ಅಲ್ಲೇ ಉಗುಳು’ ಅಂದಳಂತೆ.

ಈ ಕಥೆಯನ್ನು ಮೌನಿಕಾಳಿಗೆ ಅವಳ ಅಜ್ಜಿ ಮುನಿಯಲ್ಲಮ್ಮ ಹೇಳದ ವರ್ಷವಿಲ್ಲ. ಆದರೆ ಹೋದ ಯುಗಾದಿಯಲ್ಲಿ ಮೊಮ್ಮಗಳು ತಡೆಯಲಾರದೆ ತನ್ನ ಹೊಟ್ಟೆಯೊಳಗಿದ್ದದ್ದನ್ನು ಅಜ್ಜಿಯ ಕಿವಿಗೆ ಹಾಕಿದಾಗ, ಮುದುಕಿ ಎಲೆಯಡಿಕೆ ಪಕ್ಕಕ್ಕಿಟ್ಟು ಅಂಗೈ ಚಾಚಿದ್ದಳು.

“ಕೈ ಮೇಲೆ ಕೈ ಇಡೇ. ಇಸ್ಕೂಲಿನಾಗೆ, ನಾಲ್ಕು ಜನರ ಮುಂದೆ ಹೇಳ್ತೀನಿ ಅನ್ನು. ಅಲ್ಲೀಗಂಟ ನಿಂಗೆ ಕಥೆ ಇಲ್ಲ, ಏನಿಲ್ಲ.”

ಇಪ್ಪತ್ತಾರು ವರ್ಷದ, ಮುಳಬಾಗಿಲಿನ ಲ್ಯಾಬೊಂದರಲ್ಲಿ ದಿನಕ್ಕೆ ನಲವತ್ತು ಜನರ ರಕ್ತ ತೆಗೆಯುವ ಹೆಣ್ಣಿಗೆ ಅಜ್ಜಿ ಕಥೆ ಇಲ್ಲವೆಂದರೆ ಏನು ನಷ್ಟ ಎಂದು ಯಾರಾದರೂ ನಗಬಹುದು. ಮೌನಿಕಾಳಿಗೆ ನಗು ಬರಲಿಲ್ಲ. ಕೈ ಇಟ್ಟಳು.

ಆಗಿದ್ದು ಇಷ್ಟು. ಹತ್ತು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ಮಧ್ಯಾಹ್ನ, ಗಣಿತದ ವೆಂಕಟರಮಣಪ್ಪ ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿನಿಂದ ಡಸ್ಟರ್ ತರಲು ಕಳಿಸಿದ್ದರು. ಬೀರು ತೆರೆದಿತ್ತು. ಒಳಗೆ ಅರಗು ಹಾಕಿದ ಪ್ರಶ್ನೆಪತ್ರಿಕೆಯ ಲಕೋಟೆ. ಯಾವ ಪ್ರಮೇಯ ಬಂದಿದೆ ಎಂದಷ್ಟೇ ನೋಡಲು ಮೂಲೆ ಕಿತ್ತಳು. ಹರಿದದ್ದು ಮೂಲೆಯಲ್ಲಿ ನಿಲ್ಲಲಿಲ್ಲ. ಬೀರುವಿನ ಬೀಗದಕೈ ಮೇಷ್ಟ್ರದ್ದು. ಮಾರನೆಯ ದಿನ ಗಲಾಟೆ, ನೋಟಿಸು, ವಿಚಾರಣೆ. ಟ್ಯೂಷನ್ ಮಕ್ಕಳಿಗೆ ಪೇಪರ್ ತೋರಿಸಿದರಂತೆ ಎಂದು ಊರೆಲ್ಲ ಮಾತು. ಎರಡು ತಿಂಗಳಿಗೆ ಅವರು ನಿವೃತ್ತರಾದರು. ಆ ಶಾಲೆಯಲ್ಲಿ ನಿವೃತ್ತರಾದವರನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ, ತಮಟೆ ಬಡಿದು ಮನೆಯವರೆಗೆ ಬಿಟ್ಟುಬರುವುದು ಪದ್ಧತಿ. ವೆಂಕಟರಮಣಪ್ಪನವರು ಸೈಕಲ್ಲಿನ ಹ್ಯಾಂಡಲ್ಲಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಒಬ್ಬರೇ ಹೋದರು. ಮೌನಿಕಾ ಕಿಟಕಿಯಿಂದ ನೋಡಿದಳು, ಬಾಯಿ ಬಿಡಲಿಲ್ಲ.

ಈಗ ಅದೇ ಶಾಲೆಯಲ್ಲಿ, ವಕ್ಕಲೇರಿಯಿಂದ ಮೂರು ಕಿಲೋಮೀಟರ್ ಒಳಗೆ, ಹಳೆಯ ವಿದ್ಯಾರ್ಥಿಗಳ ಗುರುವಂದನೆ. ಅವಳದೇ ಬ್ಯಾಚಿನ ಭೀಮರಾಜ್ ಉಸ್ತುವಾರಿ. ಜಲ್ಲಿ, ಮರಳು ಸಾಗಿಸುವ ಮೂರು ಲಾರಿಗಳ ಒಡೆಯ. ಬರುವ ಪಂಚಾಯ್ತಿ ಚುನಾವಣೆಯ ಮೇಲೆ ಕಣ್ಣು. ಗೇಟಿನಗಲದ ಫ್ಲೆಕ್ಸಿನಲ್ಲಿ ಹನ್ನೊಂದು ಗುರುಗಳ ಫೋಟೊ ಇತ್ತು, ಎಲ್ಲಕ್ಕಿಂತ ದೊಡ್ಡದಾಗಿ ಭೀಮರಾಜನದೇ ಇತ್ತು. ವೆಂಕಟರಮಣಪ್ಪನವರದು ಇರಲಿಲ್ಲ.

“ನಂಬರ್ ಸಿಗ್ಲಿಲ್ಲ ಕಣೇ,” ಎಂದಿದ್ದ ಫೋನಿನಲ್ಲಿ.

“ಅವರ ಮನೆ ನಿನ್ನ ಲಾರಿ ಓಡಾಡೋ ರಸ್ತೇಲೇ ಐತಲ್ಲೋ!”

“ಪ್ರಿಂಟಾಗೋಯ್ತು. ಈಗ ಏನ್ ಮಾಡ್ಲಿ, ಪೆನ್ನಲ್ಲಿ ಬರೀಲಾ?”

ಅವಳೇ ಹೋಗಿ ಕರೆದು ಬಂದಿದ್ದಳು. ಮೇಷ್ಟ್ರು ಎರಡು ಸೀಮೆಹಸು ಕಟ್ಟಿಕೊಂಡು, ಎರಡು ಹೊತ್ತೂ ಡೇರಿಗೆ ಹಾಲು ಹಾಕಿಕೊಂಡಿದ್ದರು. “ಬರ್ತೀನಮ್ಮ. ಆದ್ರೆ ಐದು ಗಂಟೆಗೆ ಹಾಲಿನ ಹೊತ್ತು. ಕೆಂದಿ ನನ್ನ ಬಿಟ್ಟು ಇನ್ಯಾರಿಗೂ ಹಾಲು ಕೊಡಲ್ಲ, ಒದ್ದುಬಿಡ್ತಾಳೆ.” ಕಾರ್ಯಕ್ರಮ ಎರಡು ಗಂಟೆಗಲ್ಲವೇ, ಸಾಕಷ್ಟು ಹೊತ್ತಿದೆ ಎಂದುಕೊಂಡಳು.

ಎರಡಾಯಿತು, ಮೂರಾಯಿತು. ಮುಖ್ಯ ಅತಿಥಿ ಶ್ರೀನಿವಾಸಪುರದಲ್ಲಿ ಮದುವೆಯೊಂದರಲ್ಲಿದ್ದಾರೆ, ಹೊರಟರು, ಹೊರಟೇಬಿಟ್ಟರು ಎಂದು ಭೀಮರಾಜ್ ಮೈಕಿನಲ್ಲಿ ಹೇಳುತ್ತಲೇ ಇದ್ದ. ಅವರು ದೀಪ ಹಚ್ಚದೆ ಶುರುವಿಲ್ಲ. ಶಾಮಿಯಾನದಡಿ ಊರಿನವರು ಬೀಸಣಿಗೆಯಂತೆ ಆಹ್ವಾನಪತ್ರಿಕೆ ಬೀಸಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ, ಮೇಷ್ಟ್ರ ಹಾಗೆಯೇ ಡೇರಿಗೆ ಹಾಲು ಹಾಕುವ ಬಚ್ಚಮ್ಮ ಕಾಲ ಬಳಿ ಖಾಲಿ ಹಾಲಿನ ಕ್ಯಾನಿಟ್ಟುಕೊಂಡೇ ಕೂತಿದ್ದಳು. ಮೇಷ್ಟ್ರು ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ, ಪಕ್ಕದ ಎರಡು ಕುರ್ಚಿ ಖಾಲಿ.

ಮೌನಿಕಾ ವೇದಿಕೆಯ ಪಕ್ಕಕ್ಕೆ ಹೋದಳು. “ಲೋ, ನಂಗೆ ಎರಡು ನಿಮಿಷ ಮೈಕ್ ಕೊಡೋ.”

“ಅನಿಸಿಕೆ ಹೇಳೋದು ಸನ್ಮಾನ ಆದ್ಮೇಲೆ. ಲಿಸ್ಟಲ್ಲಿ ನೀನು ಒಂಬತ್ತನೆಯೋಳು.”

“ಒಂಬತ್ತನೇದು ಬರೋ ಹೊತ್ಗೆ ಕೋಳಿ ಕೂಗ್ತದೆ!”

“ಇದೊಳ್ಳೆ ಕಥೆ ಆಯ್ತಲ್ಲ. ಅಂದಿನಂಗೇ ಅವಸರ ನಿಂಗೆ.” ಅಷ್ಟರಲ್ಲಿ ಅವನ ಫೋನು ಗುನುಗಿತು. “ಹಾಂ ಅಣ್ಣಾ, ಎಕ್ಕಡ ಉನ್ನಾರು? ಎಲ್ಲಿದ್ದೀರಾ? ಇನ್ನೂ ಊಟಾನಾ?”

ಹಲ್ಲು ಕಚ್ಚಿಕೊಂಡು ಅವಳು ಶೋಭಾರಾಣಿ ಮೇಡಂ ಬಳಿ ಹೋದಳು. ಅಂದು ಕನ್ನಡ ಪಾಠ ಹೇಳುತ್ತಿದ್ದವರು ಈಗ ಮುಖ್ಯೋಪಾಧ್ಯಾಯಿನಿ. ಅವರ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು: ಲಕೋಟೆ, ಡಸ್ಟರ್, ಹತ್ತು ವರ್ಷ. ಮೇಡಂ ಅವರ ಮುಖದ ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಆಚೀಚೆ ಓಡಿತು.

“ಶ್... ಈಗ್ಯಾಕೆ ಅದನ್ನ ಕೆದಕ್ತೀಯ? ಎಲ್ಲಾ ಮರೆತವ್ರೆ.”

“ಮರೆತಿಲ್ಲ ಮೇಡಂ. ಅವರ ಪಕ್ಕ ಯಾರೂ ಕೂತಿಲ್ಲ, ನೋಡಿ.”

“ಒಳ್ಳೆ ಪ್ರೋಗ್ರಾಮು, ಪೇಪರ್‌ನೋರೂ ಬರ್ತಾವ್ರೆ. ಇನ್ನೊಂದಿನ ಬಾ, ನನ್ನ ರೂಮಲ್ಲಿ ಕೂತು ಮಾತಾಡೋಣ. ಮೊದ್ಲು ಊಟ ಮಾಡು ಹೋಗು, ಮುಖ ಬಾಡೈತೆ.”

ಎಲ್ಲರೂ ಎಷ್ಟು ಒಳ್ಳೆಯವರು! ಬೈದಿದ್ದರೆ ಚೆನ್ನಾಗಿತ್ತು. ತಪ್ಪು ಮಾಡಿದವಳನ್ನು ಹೀಗೆ ಬೆನ್ನು ಸವರಿ ಸುಮ್ಮನಾಗಿಸಿದರೆ ಅವಳು ಯಾರ ಮೇಲೆ ಸಿಟ್ಟಾಗಬೇಕು? ಮೌನಿಕಾಳಿಗೆ ಶಾಮಿಯಾನದ ಹಗ್ಗವನ್ನೆಲ್ಲ ಬಿಚ್ಚಿ ಹಾಕುವಷ್ಟು ಕೋಪ ಬಂತು. ಅಷ್ಟರಲ್ಲಿ ಕೊನೆಯ ಸಾಲಿನ ಕೊನೆಯ ಕುರ್ಚಿ ಖಾಲಿಯಾಗಿದ್ದದ್ದು ಕಂಡಿತು.

ಓಡಿದಳು. ಮೇಷ್ಟ್ರು ಗೇಟಿನ ಹೊರಗೆ ಮೊಪೆಡ್ಡಿನ ಸ್ಟ್ಯಾಂಡ್ ತೆಗೆಯುತ್ತಿದ್ದರು. ಗಡಿಯಾರ ನಾಲ್ಕೂ ಮುಕ್ಕಾಲು.

“ಸಾರ್, ಒಂದು ಹತ್ತು ನಿಮಿಷ!”

“ಹಸೂಗೆ ಗಡಿಯಾರ ಗೊತ್ತಿಲ್ಲಮ್ಮ, ಹೊತ್ತು ಗೊತ್ತು.”

“ಸಾರ್, ಹಂಗಾದ್ರೆ ಇಲ್ಲೇ ಹೇಳ್ಬಿಡ್ತೀನಿ. ಆವತ್ತು ಆ ಲಕೋಟೆ...”

ಮೇಷ್ಟ್ರು ಕೈ ಎತ್ತಿದರು, ತರಗತಿಯಲ್ಲಿ ಗದ್ದಲ ನಿಲ್ಲಿಸುತ್ತಿದ್ದ ಹಾಗೆ. “ನಂಗ್ಯಾಕೆ ಹೇಳ್ತೀಯ? ಆವತ್ತು ಡಸ್ಟರ್‌ಗೆ ಕಳಿಸಿದ್ದು ನಿನ್ನೊಬ್ಳನ್ನೇ. ಅಷ್ಟು ಲೆಕ್ಕ ಬರ್ದೆ ಮೂವತ್ತು ವರ್ಷ ಗಣಿತ ಹೇಳಿದ್ನಾ?”

“ಗೊತ್ತಿತ್ತಾ? ಮತ್ಯಾಕೆ ಹೇಳ್ಲಿಲ್ಲ ಸಾರ್?”

“ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿತ್ತು. ಹೇಳಿದ್ರೆ ನಿಮ್ಮಪ್ಪ ಗಂಗುಲಪ್ಪ ಮಾರನೇ ದಿನವೇ ನಿನ್ನ ಸ್ಕೂಲ್ ಬಿಡಿಸ್ತಿದ್ದ.” ಅವರು ಮೊಪೆಡ್ ಏರಿ ಕೂತರು. ದನಿ ಒರಟಾಯಿತು. “ಆಮೇಲೆ ಬಂದು ಹೇಳ್ತಾಳೆ ಅಂತ ನೋಡ್ದೆ. ಒಂದು ವರ್ಷ ನೋಡ್ದೆ, ಎರಡು ವರ್ಷ ನೋಡ್ದೆ. ಡೇರಿ ಸಾಲಿನಾಗೆ ಈಗ್ಲೂ ನನ್ನ ಪೇಪರ್ ಮೇಷ್ಟ್ರು ಅಂತಾರೆ. ಗೊತ್ತಿರೋನಿಗೆ ಹೇಳೋದು ಸುಲಭ ಕಣಮ್ಮ. ಗೊತ್ತಿಲ್ದೋರು ಒಳಗೆ ಕೂತವ್ರೆ.”

ಒಳಗೆ ಕೂತವರು ಆಗಲೇ ಏಳುತ್ತಿದ್ದರು. ಐದು ಗಂಟೆಗೆ ಆ ಸೀಮೆಯಲ್ಲಿ ಮಂತ್ರಿ ಬಂದರೂ ನಿಲ್ಲುವವರಿಲ್ಲ. ಡೇರಿಯವರು ಆರಕ್ಕೆ ಬಾಗಿಲು ಹಾಕಿದರೆ ಹಾಲು ಮನೆಯಲ್ಲೇ ಒಡೆಯುತ್ತದೆ. ಕುರ್ಚಿಗಳು ಕರಕರ ಸರಿದವು. ಬಚ್ಚಮ್ಮ ಕ್ಯಾನು ಎತ್ತಿಕೊಂಡಳು. ಭೀಮರಾಜ್ ಮೈಕಿನಲ್ಲಿ, “ಬಂಧುಗಳೇ, ಕೂತ್ಕೊಳ್ಳಿ, ಅತಿಥಿಗಳು ಕೋಲಾರ ದಾಟವ್ರೆ” ಎಂದು ಅಂಗಲಾಚುತ್ತಿದ್ದ. ಓಡಿಬಂದ ಮೌನಿಕಾಳನ್ನು ಕಂಡದ್ದೇ ತಡ, ಮೈಕನ್ನು ಅವಳ ಕೈಗೆ ತುರುಕಿದ.

“ನಿಂಗೆ ಕಥೆ ಹೇಳೋಕೆ ಬರ್ತದಲ್ಲ, ಏನಾದ್ರೂ ಒದರು! ಜನ ಹೋಗ್ತಾವ್ರೆ ಕಣೇ!”

ದಿನಾ ಸೂಜಿ ಹಿಡಿಯುವ ಕೈಯಲ್ಲಿ ಮೈಕನ್ನು ಬಾಯಿಗೆ ಹಿಡಿದಳು.

“ಕಥೆ ಅಲ್ಲ,” ಎಂದಳು. ದನಿ ಗೇಟಿನವರೆಗೂ ಹೋಯಿತು. “ನಾನು ಗಂಗುಲಪ್ಪನ ಮಗಳು ಮೌನಿಕಾ. ಹತ್ತು ವರ್ಷದ ಹಿಂದೆ ಈ ಸ್ಕೂಲಲ್ಲಿ ಪರೀಕ್ಷೆ ಪೇಪರ್ ಲಕೋಟೆ ಹರಿದಿದ್ದು ನಾನು. ವೆಂಕಟರಮಣಪ್ಪ ಮೇಷ್ಟ್ರಲ್ಲ.”

ಶೋಭಾರಾಣಿ ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಭೀಮರಾಜನ ಕೈ ಮೈಕಿಗೆ ಬಂತು. ಅವಳು ಬೆನ್ನು ತಿರುಗಿಸಿ ಮುಂದುವರಿಸಿದಳು. “ಅವರು ಯಾರಿಗೂ ಪೇಪರ್ ತೋರಿಸ್ಲಿಲ್ಲ. ಹರಿದಿದ್ದು ನಾನೇ ಅಂತ ಅವರಿಗೆ ಗೊತ್ತಿತ್ತು, ನನ್ನ ಓದು ನಿಲ್ಲಬಾರದು ಅಂತ ಹೇಳ್ಲಿಲ್ಲ. ನಾನು ಹೆದರಿಕೊಂಡು ಹೇಳ್ಲಿಲ್ಲ. ತಪ್ಪು ನಂದು.”

ಶಾಮಿಯಾನದಡಿ ಗುಜುಗುಜು. ಆ ಹುಡುಗಿ ಏನಂತಿದ್ದಾಳೆ ಎಂದು ಹಿಂದುಗಡೆಯಿಂದ ಯಾರೋ ತೆಲುಗಿನಲ್ಲಿ ಕೂಗಿದರು: “ಏಮಂಟಾ ಉಂದೇ ಆ ಪಿಲ್ಲ?”

ಬಚ್ಚಮ್ಮ ಕ್ಯಾನನ್ನು ಠಣ್ಣನೆ ಕೆಳಗಿಟ್ಟು ತಿರುಗಿದಳು. “ಪೇಪರ್ ಹರಿದಿದ್ದು ಇವಳಂತೆ! ಮೇಷ್ಟ್ರಲ್ಲವಂತೆ! ಥೂ, ಹತ್ತು ವರ್ಷ ಅನ್ಬಾರದ್ದೆಲ್ಲ ಅಂದ್ವಲ್ಲೇ!”

ಗೇಟಿನಾಚೆ ಮೊಪೆಡ್ಡಿನ ಸದ್ದು ನಿಂತಿತ್ತು. ಮೇಷ್ಟ್ರು ಅದರ ಮೇಲೆಯೇ, ಒಂದು ಕಾಲು ನೆಲಕ್ಕೆ ಊರಿ ಕೂತಿದ್ದರು. ಇತ್ತ ನೋಡಲಿಲ್ಲ.

“ಹಿಂದುಗಡೆ ಕೇಳಿಸ್ತಾ?” ಮೌನಿಕಾ ಕೇಳಿದಳು.

ಅವಳು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಮೊದಲಿನಿಂದ, ತನ್ನ ಹೆಸರಿನಿಂದಲೇ ಶುರುಮಾಡಿ, ಒಂದು ಪದವನ್ನೂ ಬಿಡದೆ ಮತ್ತೆ ಹೇಳಿದಳು. ಕೊನೆಯ ಸಾಲಿನವರು ತಲೆಯಾಡಿಸಿದ ಮೇಲೆ ಮೈಕನ್ನು ಭೀಮರಾಜನ ಕೈಗೆ ಕೊಟ್ಟಳು.